ನಾತ ಹೋದ ಮೇಲೆ

ಭಾವನ ಕೊಟ್ಟಿಗೆಗೆ ಕಾಲಿಡುವಾಗ ಉಸಿರು ಬಿಗಿಹಿಡಿಯುವುದು ತಂಗಿಗೆ ವರ್ಷಗಳ ಅಭ್ಯಾಸ. ಆ ಭಾನುವಾರವೂ ಹಿಡಿದಳು. ಹಿಡಿದವಳಿಗೆ ತನ್ನ ಮೇಲೆ ತನಗೇ ನಗು ಬಂತು. ಇಲ್ಲಿ ನಾತವೆಲ್ಲಿದೆ ಈಗ? ಅದನ್ನು ಓಡಿಸಿದವಳೇ ಅವಳಲ್ಲವೆ?

ದನಗಳ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣುಗುಗಳನ್ನು ಕೊಲ್ಲಲು ಅವುಗಳ ಬೆನ್ನಿನುದ್ದಕ್ಕೂ ಸುರಿಯುವ ಮದ್ದೊಂದಿತ್ತು. ಉಣುಗಿಗೆ ಅದು ಯಮ, ಮನುಷ್ಯರ ಮೂಗಿಗೂ ಯಮನೇ. ಕೊಳೆತ ಬೆಳ್ಳುಳ್ಳಿಯನ್ನು ಹಳೆಯ ಚಪ್ಪಲಿಯ ಜೊತೆ ಬೇಯಿಸಿದಂಥ ನಾತ. ಮದ್ದು ಹಾಕಿದ ವಾರ ಭಾವ ಯಾರ ಮದುವೆಗೆ ಹೋದರೂ ಅವನ ಎಡಬಲದ ಕುರ್ಚಿಗಳು ಖಾಲಿ ಬೀಳುತ್ತಿದ್ದವು. ಅಕ್ಕ ಅವನ ಹಾಸಿಗೆಯನ್ನು ಹೊರಗಿನ ಕೋಣೆಗೆ ಎಸೆದು ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಿದ್ದಳು. ರಸ್ತೆಯಾಚೆ ಹೊಸ ಮನೆಗಳೆದ್ದ ಮೇಲಂತೂ ದೂರಿನ ಮೇಲೆ ದೂರು. ಹಾಲು ಬೇಕು, ಹಸು ಬೇಡ ಎನ್ನುವ ಜನ.

ಬೆಳೆಗೆ, ದನಕರುಗಳಿಗೆ ಹಾಕುವ ಮದ್ದುಗಳನ್ನು ಮಾರಾಟಕ್ಕೆ ಬಿಡುವ ಮೊದಲು ಪರಿಶೀಲಿಸುವ ಸರ್ಕಾರಿ ಕಚೇರಿಯಲ್ಲಿ ತಂಗಿಗೆ ಕೆಲಸ. ಯಾವ ಮದ್ದು ಯಾರಿಗೆ ಎಷ್ಟು ವಿಷ, ಹಾಕಿದ ಎಷ್ಟು ದಿನದ ಮೇಲೆ ಹಾಲು ಕುಡಿಯಬಹುದು, ಡ್ರಮ್ಮಿನ ಮೇಲಿನ ಚೀಟಿಯಲ್ಲಿ ಏನಿರಬೇಕು, ಇವೆಲ್ಲ ತೀರ್ಮಾನವಾಗುವುದು ಅಲ್ಲಿ. ಹಾಗಾಗಿ ಭಾವ ಅವಳನ್ನು 'ಸರ್ಕಾರ' ಎಂದೇ ಕರೆಯುತ್ತಿದ್ದ. ಸರ್ಕಾರ ಬಂತು, ಕುರ್ಚಿ ಒರೆಸು ಎನ್ನುತ್ತಿದ್ದ. ಸರ್ಕಾರಕ್ಕೆ ಹಸಿವಾಗಿದೆಯಂತೆ, ಪಾಪ, ತೆರಿಗೆಯಷ್ಟರಿಂದ ಹೊಟ್ಟೆ ತುಂಬಿಲ್ಲ ಎನ್ನುತ್ತಿದ್ದ.

ಕಂಪನಿಯವರು ಅದೇ ಮದ್ದನ್ನು ಇನ್ನಷ್ಟು ಸೋಸಿ, ನಾತ ತೆಗೆದು ಮಾರಲು ಅನುಮತಿ ಕೇಳಿದಾಗ ಆ ಅರ್ಜಿ ಬಂದು ಬಿದ್ದದ್ದು ತಂಗಿಯ ಮೇಜಿನ ಮೇಲೆಯೇ. ಆ ಕಚೇರಿಯಲ್ಲಿ ಅರ್ಜಿಗಳಿಗೆ ಎರಡು ತಟ್ಟೆ: ತೂಕದ್ದು, ಹಗುರದ್ದು. ಕೊಲ್ಲುವ ಅಂಶ ಬದಲಾದರೆ ತೂಕದ್ದು, ಅದರ ಪರೀಕ್ಷೆ ವರ್ಷಗಟ್ಟಲೆ. ಕೊಲ್ಲುವ ಅಂಶ ಇದ್ದಹಾಗೇ ಇದ್ದು ಮುಚ್ಚಳವೋ ಬಣ್ಣವೋ ವಾಸನೆಯೋ ಬದಲಾದರೆ ಹಗುರದ್ದು, ಅದು ಒಂದು ಚಹಾದ ಕೆಲಸ. ಹಗುರದ್ದನ್ನು ಪೂರ್ತಿ ಓದುವವನಿಗೆ ಮನೆಯಲ್ಲಿ ಜಗಳವಾಗಿರಬೇಕು ಎಂದು ಅಲ್ಲಿ ತಮಾಷೆ ಮಾಡುತ್ತಿದ್ದರು. ತಂಗಿ ಅಕ್ಕನ ಚಿಲಕವನ್ನು, ಮದುವೆಮನೆಯ ಖಾಲಿ ಕುರ್ಚಿಗಳನ್ನು ನೆನೆದು, ನಗುನಗುತ್ತಲೇ ಸಹಿ ಹಾಕಿದ್ದಳು.

ಈಗ ಕೊಟ್ಟಿಗೆ ಆಸ್ಪತ್ರೆಯ ಹಾಗೆ ಸ್ವಚ್ಛವಾಗಿತ್ತು. ನೆಲ ತೊಳೆದಿತ್ತು. ಹಸುಗಳ ಬೆನ್ನ ಮೇಲೆ ಎಣ್ಣೆ ಸವರಿದಂಥ ಮಿರುಗು, ಅದೇ ಬೆಳಗ್ಗೆ ಮದ್ದು ಬಿದ್ದ ಗುರುತು. ಒಂದು ಕರು ಬಾಯಿಂದ ಜೊಲ್ಲು ಇಳಿಸುತ್ತ ಗೋಡೆಗೆ ಹಣೆ ಒತ್ತಿ ನಿಂತಿತ್ತು. ಸೆಖೆಗೆ ಹೀಗೆ ಎಂದ ಭಾವ. ಅಂಥ ಸೆಖೆಯೇನೂ ಇರಲಿಲ್ಲ.

ಒಳಗೆ ಊಟದ ಕೋಣೆಗೆ ಒಂದೇ ಕಿಟಕಿ, ಅದಕ್ಕೂ ಪರದೆ. ಭಾವ ತಂಗಿಯ ಎದುರಿಗೆ ಕೂತು ನೆರೆಯವರ ಕಥೆ ಹೇಳುತ್ತಿದ್ದ. ಮೊದಲು ಮೂಗು ಮುಚ್ಚಿಕೊಂಡು ಓಡುತ್ತಿದ್ದವರು ಈಗ ಪಾತ್ರೆ ಹಿಡಿದು ಓಡಿಬರುತ್ತಾರಂತೆ. ಹೇಳುತ್ತ ಹೇಳುತ್ತ ಕತ್ತಿನ ಬೆವರು ಒರೆಸಿಕೊಂಡ, ಮತ್ತೆ ಒರೆಸಿಕೊಂಡ. ನೀರಿನ ಲೋಟ ಎತ್ತುವಾಗ ಇನ್ನೊಂದು ಕೈಯ ಆಸರೆ ಕೊಟ್ಟ. ತಂಗಿ ಅವನ ಕಣ್ಣು ನೋಡಿದಳು. ಕತ್ತಲ ಕೋಣೆಯಲ್ಲಿ ಎಂಥವರ ಕಣ್ಣಪಾಪೆಯಾದರೂ ಅರಳಬೇಕು. ಭಾವನದು ಸೂಜಿಯಲ್ಲಿ ಚುಚ್ಚಿಟ್ಟ ಚುಕ್ಕೆಯಷ್ಟಿತ್ತು.

ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಈ ಗುಂಪಿನ ಮದ್ದುಗಳು ನರಕ್ಕೆ ಕಡಿವಾಣ ಹಾಕುವ ಒಂದು ವಸ್ತುವನ್ನು ರಕ್ತದಲ್ಲೇ ಕೊಲ್ಲುತ್ತವೆ. ಉಣುಗಿನಲ್ಲೂ ಅಷ್ಟೇ, ಮನುಷ್ಯನಲ್ಲೂ ಅಷ್ಟೇ. ಜೊಲ್ಲು, ಬೆವರು, ನಡುಕ, ಚುಕ್ಕೆಯಾದ ಕಣ್ಣು. ಎಷ್ಟು ವರದಿಗಳಲ್ಲಿ ಅವಳು ಇದನ್ನು ಓದಿದ್ದಳೋ ಲೆಕ್ಕವಿಲ್ಲ. ಅವಳು ಅಕ್ಕನ ಕಡೆ ತಿರುಗಿದಳು. ಅಕ್ಕ ತುಂಬು ಬಸುರಿ. ಮದುವೆಯಾಗಿ ವರ್ಷಗಳು ಕಳೆದು, ವಿಶೇಷವೇನಾದರೂ ಇದೆಯೇ ಎಂದು ಎಲ್ಲರೂ ಕೇಳುವುದನ್ನೇ ಬಿಟ್ಟ ಮೇಲೆ ನಿಂತ ಬಸಿರು. ಅವಳ ಕಣ್ಣಪಾಪೆ ಗಂಡನಷ್ಟು ಸಣ್ಣದಿರಲಿಲ್ಲ, ಇರಬೇಕಾದಷ್ಟು ದೊಡ್ಡದೂ ಇರಲಿಲ್ಲ.

ಮದ್ದು ಹಾಕಿದ ಎಷ್ಟು ದಿನಕ್ಕೆ ಹಾಲು ಕರೆಯುತ್ತೀರಿ ಎಂದು ತಂಗಿ ಆದಷ್ಟು ಹಗುರವಾಗಿ ಕೇಳಿದಳು.

"ದಿನ ಗಿನ ಯಾರು ನೋಡ್ತಾರೆ?" ಎಂದ ಭಾವ. "ನಾತ ಹೋದ ಮೇಲೆ ಹಾಲು. ನಮ್ಮಪ್ಪ ಹೇಳಿಕೊಟ್ಟಿದ್ದು ಅಷ್ಟೇ. ಕೆಚ್ಚಲು ಮೂಸಿ ನೋಡೋದು, ಕೈ ಮೂಸಿ ನೋಡೋದು. ನಾತ ಇದ್ರೆ ಹಾಲು ಮುಟ್ಟಲ್ಲ, ಅನ್ನಾನೂ ಮುಟ್ಟಲ್ಲ. ಇದನ್ನ ಕಲಿಯೋಕೆ ಕಾಲೇಜಿಗೆ ಹೋಗ್ಬೇಕಾ ಸರ್ಕಾರ?"

"ಮತ್ತೆ ಈಗ?"

"ಈಗ ನಾತಾನೇ ಇಲ್ವಲ್ಲ. ಬೆಳಗ್ಗೆ ಹಾಕಿ ಬೆಳಗ್ಗೇನೇ ಕರೀತೀನಿ. ಎಲ್ಲಾ ನಿನ್ನ ದಯೆ."

ಚೀಟಿಯಲ್ಲಿದ್ದದ್ದು ಮೂರು ದಿನ. ಹಳೆಯ ಮದ್ದಿನ ನಾತ ಉಳಿಯುತ್ತಿದ್ದದ್ದೂ ಹೆಚ್ಚುಕಡಿಮೆ ಅಷ್ಟೇ. ಕಚೇರಿಯವರು ವರ್ಷ ವರ್ಷ ಬೀದಿಬೀದಿಯ ಹಾಲನ್ನು ಪರೀಕ್ಷೆ ಮಾಡಿಸಿ, ಮದ್ದಿನ ಅಂಶ ಕಾಣದೆ, ನಮ್ಮ ಜನ ಚೀಟಿಯ ಸೂಚನೆಯನ್ನು ಚಾಚೂ ತಪ್ಪದೆ ಪಾಲಿಸುತ್ತಾರೆ ಎಂದು ಬೀಗಿದ್ದರು. ಚೀಟಿಯನ್ನು ಒಬ್ಬನೂ ಓದಿರಲಿಲ್ಲ. ಇಷ್ಟು ವರ್ಷ ಜನರನ್ನು ಕಾಯುತ್ತಿದ್ದದ್ದು ಆ ದರಿದ್ರ ನಾತ. ಅದನ್ನು ಚಹಾ ಆರುವುದರೊಳಗೆ ತೆಗೆದುಹಾಕಿದ್ದು ಅವಳು.

ಅವಳು ಎಲ್ಲವನ್ನೂ ಬಿಡಿಸಿ ಹೇಳಿದಳು. ನಾತ ಹೋದರೂ ವಿಷ ಹೋಗಿಲ್ಲ, ಚರ್ಮದಿಂದ ರಕ್ತಕ್ಕೆ, ರಕ್ತದಿಂದ ಹಾಲಿಗೆ ಇಳಿಯುತ್ತದೆ ಎಂದಳು. ಕೈಗವಸು ಹಾಕಿ, ಮೂರು ದಿನ ಹಾಲು ಚೆಲ್ಲಿ, ನಾಳೆಯೇ ರಕ್ತ ಪರೀಕ್ಷೆ ಮಾಡಿಸಿ ಎಂದಳು. ಭಾವ ಮೊದಲು ನಕ್ಕ, ಆಮೇಲೆ ನಗಲಿಲ್ಲ. ಡಾಕ್ಟರು ಸೆಖೆ ಅಂದಿದ್ದಾರೆ, ಉಪ್ಪಿನ ಪುಡಿ ಕೊಟ್ಟಿದ್ದಾರೆ ಎಂದ. ತನ್ನ ರಕ್ತದಲ್ಲಿ ವಿಷ ಇದೆ ಎಂಬ ಮಾತು ಬೀದಿಗೆ ಬಿದ್ದರೆ ಈ ಬೀದಿಯ ಯಾವ ಕೊಟ್ಟಿಗೆಯ ಹಾಲನ್ನೂ ಯಾರೂ ಮೂಸುವುದಿಲ್ಲ, ಆಮೇಲೆ ಅಕ್ಕಪಕ್ಕದವರು ತನ್ನನ್ನು ಬದುಕಗೊಡುವುದಿಲ್ಲ ಎಂದ. ಎದ್ದು ಕೈತೊಳೆಯಲು ಹೋದ. ಬಾಗಿಲ ಚೌಕಟ್ಟು ಹಿಡಿದುಕೊಂಡು ಹೋದ.

ಅಕ್ಕನಾದರೂ ಕೇಳಬಹುದೆಂದುಕೊಂಡಿದ್ದಳು. ಅಕ್ಕ ಪಾತ್ರೆ ಎತ್ತಿಡುತ್ತ, ಬೆನ್ನು ತಿರುಗಿಸಿಯೇ ಹೇಳಿದಳು: "ಊರೆಲ್ಲಾ ನಾತ ಹೊಡೀತಿದ್ದಾಗ ನೀನು ಒಂದು ದಿನಾನೂ ಬೇಡ ಅನ್ಲಿಲ್ಲ ಕಣೇ. ಈಗ ಮನೆ ಮನೆಯಾಗಿದೆ, ಈಗ ವಿಷ ಅಂತೀಯ. ನನ್ನ ಹೊಟ್ಟೇಲಿರೋದನ್ನ ಹೆದರಿಸಬೇಡ."

ಮಾರನೆಯ ದಿನ ತಂಗಿ ತನ್ನ ಮೇಲಧಿಕಾರಿಯ ಕೋಣೆಗೆ ಹೋದಳು. ಏನು ಕೇಳಿದರೂ 'ನೋಡೋಣ' ಎನ್ನುತ್ತಿದ್ದುದರಿಂದ ಅವರಿಗೆ ನೋಡೋಣ ಸಾಹೇಬರು ಎಂದೇ ಹೆಸರು. ಕೆಟ್ಟ ಮನುಷ್ಯರಲ್ಲ. ಕನ್ನಡಕ ತೆಗೆದಿಟ್ಟು ಪೂರ್ತಿ ಕೇಳಿಸಿಕೊಂಡರು. ಆಮೇಲೆ ವಿವರಿಸಿದರು: ಮಾರಾಟದಲ್ಲಿರುವ ಮದ್ದನ್ನು ಮರುಪರಿಶೀಲನೆಗೆ ತೆಗೆಯಬೇಕಾದರೆ ಬಳಸಿದವನ ದೂರು ಬೇಕು, ಇಲ್ಲವೇ ವೈದ್ಯರ ವರದಿ, ಇಲ್ಲವೇ ರಕ್ತದ ಫಲಿತಾಂಶ. ಭಾವನ ಕಣ್ಣನ್ನು ಊಟದ ಹೊತ್ತಿನಲ್ಲಿ ನೋಡಿದೆ ಎಂಬುದು ಇವು ಮೂರರಲ್ಲಿ ಯಾವುದೂ ಅಲ್ಲ.

"ಈ ಮದ್ದಿನ ಮೇಲೆ ದೂರು ಇತ್ತು, ಇಲ್ಲ ಅನ್ನಲ್ಲ," ಎಂದರು ಸಾಹೇಬರು. "ಆದರೆ ಎಲ್ಲಾ ದೂರೂ ವಾಸನೆ ಬಗ್ಗೆ ಇತ್ತು. ಅದನ್ನ ನೀವೇ ಬಗೆಹರಿಸಿದ್ರಲ್ಲಮ್ಮ."

ಅವಳು ಏಳುವಾಗ ಅವರು ಮೆಚ್ಚುಗೆಯ ದನಿಯಲ್ಲಿ ಇನ್ನೊಂದು ಸುದ್ದಿ ಹೇಳಿದರು. ಅವಳ ಆ ಅನುಮತಿಯನ್ನು ಮಾದರಿಯಾಗಿ ಇಟ್ಟುಕೊಂಡು ಬೇರೆ ಕಂಪನಿಗಳೂ ಬಂದಿವೆಯಂತೆ. ತರಕಾರಿಗೆ ಸಿಂಪಡಿಸುವ ಮದ್ದಿನವರು, ಕಾಳಿನ ಗೋದಾಮಿಗೆ ಬಿಡುವ ಹೊಗೆಯವರು, ಕುರಿಗಳನ್ನು ಮುಳುಗಿಸುವ ತೊಟ್ಟಿಯ ಮದ್ದಿನವರು. ಎಲ್ಲರಿಗೂ ನಾತ ಬೇಡವಾಗಿದೆ. ಎಲ್ಲವೂ ಹಗುರದ್ದು. ನಿಮ್ಮ ತಟ್ಟೆಯಲ್ಲೇ ಇಡಿಸಿದ್ದೇನೆ ಎಂದರು.

ತಂಗಿ ತನ್ನ ಮೇಜಿಗೆ ಬಂದಾಗ ತಟ್ಟೆ ತುಂಬಿತ್ತು. ಅವಳು ಕೂರಲಿಲ್ಲ. ನೆಲಮಾಳಿಗೆಯ ಮಾದರಿ ಕೋಣೆಗೆ ಇಳಿದಳು. ಆ ಕಚೇರಿಯಲ್ಲೊಂದು ವಿಚಿತ್ರ ನಿಯಮ: ಮದ್ದಿಗೆ ಸೇರಿಸಿದ್ದರ ಮಾದರಿಯಷ್ಟೇ ಅಲ್ಲ, ಮದ್ದಿನಿಂದ ತೆಗೆದದ್ದರ ಮಾದರಿಯನ್ನೂ ಕಂಪನಿ ಕೊಡಬೇಕು. ಸಾಲು ಸಾಲು ಕಪಾಟುಗಳಲ್ಲಿ ತೆಗೆದುಹಾಕಿದ ಬಣ್ಣಗಳು, ತೆಗೆದುಹಾಕಿದ ಕಹಿಗಳು, ತೆಗೆದುಹಾಕಿದ ಉರಿಗಳು ಸೀಸೆಗಳಲ್ಲಿ ಕೂತಿದ್ದವು. ಕಾವಲುಗಾರ ಅವಳಿಗೆ ತಲೆಬಾಗಿಸಿ ಮತ್ತೆ ತೂಕಡಿಸತೊಡಗಿದ. ಮೇಣ ಹಾಕಿ ಮುಚ್ಚಿದ, ಬೆರಳುದ್ದದ ಕಂದು ಸೀಸೆಯಲ್ಲಿ ಭಾವನ ಕೊಟ್ಟಿಗೆಯ ಹಳೆಯ ನಾತವಿತ್ತು. ಅದರಿಂದ ಯಾರಿಗೂ ಹಾನಿಯಿಲ್ಲ, ಅದು ಬರೀ ನಾತ. ಆದರೆ ಅನುಮತಿ ಪಡೆದ ಮದ್ದಿಗೆ ಹೊರಗಿನದೊಂದು ಹನಿ ಬೆರೆಸಿದರೂ ಜೈಲು. ಆ ಕಾನೂನಿನ ಕರಡು ತಿದ್ದುವಾಗ ಶಿಕ್ಷೆ ಸಾಲದು ಎಂದಿದ್ದವಳೂ ಅವಳೇ.

ಅಕ್ಕನ ಮನೆಗೆ ಹೋದಾಗ ಮಧ್ಯಾಹ್ನ. ಭಾವ ಮಲಗಿದ್ದ. ಮೊದಲೆಲ್ಲ ಹಗಲು ಮಲಗುವವರನ್ನು ಕಂಡರೆ ಆಡಿಕೊಳ್ಳುತ್ತಿದ್ದ ಮನುಷ್ಯ. ಅಕ್ಕ ಅವನ ಪಕ್ಕದಲ್ಲಿ ಗೋಡೆಗೊರಗಿ, ಹೊಟ್ಟೆಯ ಮೇಲೆ ಕೈಯಿಟ್ಟು, ಬಾಯಿ ತೆರೆದು ನಿದ್ದೆ ಹೋಗಿದ್ದಳು. ಬಾಯಂಚಿನಿಂದ ಸಣ್ಣಗೆ ಜೊಲ್ಲು ಇಳಿದಿತ್ತು. ಬಾಗಿಲಲ್ಲಿ ನಿಂತು ನೋಡಿದ ತಂಗಿಗೆ ಕರುವಿನ ಮುಖ ನೆನಪಾಗಿ, ಅದನ್ನು ನೆನಪಿಸಿಕೊಂಡ ತನ್ನ ಮೇಲೇ ಹೇಸಿಗೆಯಾಯಿತು.

ಕೊಟ್ಟಿಗೆಯ ಬೆಕ್ಕು ಎದುರಾಯಿತು. ಅದು ಗೋಡೆಯ ಪಕ್ಕದಲ್ಲಿ, ಗಾಳಿಯಲ್ಲಿರುವ ಯಾವುದೋ ಮೆಟ್ಟಿಲು ಹತ್ತುವ ಹಾಗೆ, ಮುಂಗಾಲನ್ನು ತೀರ ಎತ್ತರಕ್ಕೆ ಎತ್ತೆತ್ತಿ ಇಡುತ್ತ ನಡೆಯುತ್ತಿತ್ತು. ಅವಳು ಅದನ್ನು ದಾಟಿ ಹೋಗಿ ಡ್ರಮ್ಮಿನ ಮುಚ್ಚಳ ತಿರುಗಿಸಿದಳು. ಒಳಗಿನ ಮದ್ದು ನೀರಿನಷ್ಟು ತಿಳಿ, ನೀರಿನಷ್ಟು ನಿರ್ವಾಸನೆ. ಸೀಸೆಯನ್ನು ಪೂರ್ತಿ ಬಗ್ಗಿಸಿದಳು. ನಾತ ಎದ್ದು ಮುಖಕ್ಕೆ ಬಡಿದಾಗ ಕಣ್ಣಲ್ಲಿ ನೀರು ಬಂತು. ಆ ಸುಖದಲ್ಲಿ ಒಂದು ಕ್ಷಣ ಉಸಿರನ್ನು ಎದೆ ತುಂಬ ಎಳೆದುಕೊಂಡಳು. ಇನ್ನು ಮೂಸಿ ನೋಡುತ್ತಾರೆ. ಇನ್ನು ಕಾಯುತ್ತಾರೆ.

ಆ ರಾತ್ರಿ ಅವಳಿಗೆ ಒಳ್ಳೆಯ ನಿದ್ದೆ ಬಂತು.

ಮುಂದೆ ಆದದ್ದನ್ನು ಅವಳಷ್ಟು ಓದಿದವಳು ಮೊದಲೇ ಊಹಿಸಬೇಕಿತ್ತು. ಒಮ್ಮೆ ನಾತ ಬಿಟ್ಟು ಬದುಕಿದವರಿಗೆ ನಾತವೆಂದರೆ ಮದ್ದಿನ ಗುಣವಲ್ಲ, ಮದ್ದಿನ ದೋಷ. ಮುಂದಿನ ಸಲ ಮದ್ದು ಹಾಕಲು ಭಾವ ಡ್ರಮ್ಮು ತೆರೆದವನೇ ಅಂಗಡಿಯವನಿಗೆ ಬಾಯಿಗೆ ಬಂದಂತೆ ಬೈದು, ಕೊಳೆತ ಮಾಲು ಕೊಟ್ಟಿದ್ದೀಯ ಎಂದು ಡ್ರಮ್ಮನ್ನು ಹಿಂದಿರುಗಿಸಿ, ಹೊಸದೊಂದನ್ನು ಹೊತ್ತು ತಂದ. ಸಾಲದ್ದಕ್ಕೆ, ನಾದಿನಿಯಿಂದ ಕಲಿತಿದ್ದ ದಾರಿಯಲ್ಲೇ ಕಚೇರಿಗೆ ಫೋನ್ ಮಾಡಿ ದೂರನ್ನೂ ಕೊಟ್ಟ.

ಹೀಗೆ ನಾತ ತೆಗೆದ ಆ ಹೊಸ ಮದ್ದಿನ ಮೇಲೆ ಮೊಟ್ಟಮೊದಲ ದೂರು ದಾಖಲಾಯಿತು: ವಾಸನೆ ಬರುತ್ತಿದೆ.

ನೋಡೋಣ ಸಾಹೇಬರು ಅಂದು ನೋಡೋಣ ಎನ್ನಲಿಲ್ಲ. ಮಾರನೆಯ ಬೆಳಗ್ಗೆ ಎಲ್ಲರನ್ನೂ ಕೂರಿಸಿ, ಆ ಸರಕಿನ ಡ್ರಮ್ಮುಗಳನ್ನೆಲ್ಲ ಹಿಂದಕ್ಕೆ ತರಿಸಿ ಬದಲಿಗೆ ಹೊಸದನ್ನು ಸಂಜೆಯೊಳಗೆ ಕಳಿಸುವುದಾಗಿ ಕಂಪನಿ ಒಪ್ಪಿದೆ ಎಂದರು. ತಂಗಿಗೆ ಆ ಕಚೇರಿಯಲ್ಲಿ ಇಷ್ಟು ಬೇಗ ಯಾವ ಕೆಲಸವಾದದ್ದೂ ನೆನಪಿಲ್ಲ. ಭಾವ ಈ ಹೊತ್ತಿಗೆ ಹೊಸ ಮದ್ದು ಸುರಿದು, ಕೆಚ್ಚಲು ಮೂಸಿ, ಏನೂ ನಾರದೆ, ಹಾಲು ಕರೆದು ಒಳಗೆ ಕೊಟ್ಟಿರುತ್ತಾನೆ. ಅಕ್ಕ ಕುಡಿದಿರುತ್ತಾಳೆ.

ಸಾಹೇಬರು ಕೊನೆಗೆ, ಇದು ಬರೀ ಸೋಸುವುದರಲ್ಲಾದ ತಪ್ಪಿರಬೇಕು, ಯಾರಾದರೂ ಬೇಕೆಂದೇ ಏನನ್ನಾದರೂ ಬೆರೆಸಿದ್ದರೆ ಆ ಮಾತೇ ಬೇರೆ ಎಂದರು. ಆಗ ಪೊಲೀಸರು ಬರುತ್ತಾರೆ, ಆ ಮದ್ದು ಮುಟ್ಟಿದ ಪ್ರತಿಯೊಬ್ಬರ ರಕ್ತ ತೆಗೆಯಲೇಬೇಕು, ಒಪ್ಪಿಗೆ ಕೇಳಬೇಕೆಂದೂ ಇಲ್ಲ ಎಂದರು. ಪುಣ್ಯಕ್ಕೆ ಹಾಗಾಗಿಲ್ಲ ಎಂದು ಎದ್ದರು.

ತಂಗಿ ಏಳಲಿಲ್ಲ. ಎಲ್ಲರೂ ಹೋಗುವವರೆಗೆ ಕಾದಳು.

"ಸರ್, ಬೆರೆಸಿದ್ದು ನಾನು."

ಸಾಹೇಬರು ಕನ್ನಡಕ ತೆಗೆದರು. ಏನು ಬೆರೆಸಿದಿರಿ ಎಂದು ಕೇಳಿದರು. ಬರೀ ನಾತ ಎಂದು ಹೇಳಬೇಕೆಂದಿದ್ದ ಬಾಯನ್ನು ಅವಳು ಮುಚ್ಚಿಕೊಂಡಳು. ಬರೀ ನಾತ ಎಂದರೆ ಇವರು ಒಂದು ಕ್ಷಣ ಗಾಬರಿಯಾಗುತ್ತಾರೆ, ಆಮೇಲೆ ನಿಟ್ಟುಸಿರು ಬಿಡುತ್ತಾರೆ, ಆಮೇಲೆ ಅವಳನ್ನು ಮನೆಗೆ ಕಳಿಸಿ ಬಾಗಿಲು ಹಾಕುತ್ತಾರೆ. ಯಾರ ರಕ್ತವನ್ನೂ ತೆಗೆಯುವುದಿಲ್ಲ.

"ಹೇಳೋದಿಲ್ಲ," ಎಂದಳು.

ಮಧ್ಯಾಹ್ನದ ಹೊತ್ತಿಗೆ ಅವಳನ್ನು ಕಚೇರಿಯ ಹಿಂಬದಿಯ ಸಣ್ಣ ಕೋಣೆಯೊಂದರಲ್ಲಿ ಕೂರಿಸಿದ್ದರು. ಎದುರಿಗೆ ತನಿಖೆಯವನು. ಸುಸ್ತಾದ ಮುಖ, ಒಳ್ಳೆಯ ಇಸ್ತ್ರಿ. ಭಾವನನ್ನೂ ಅಕ್ಕನನ್ನೂ ಆಸ್ಪತ್ರೆಗೆ ಕರೆದೊಯ್ದಿದ್ದರು, ಹಸುಗಳನ್ನು ಬೇರೆ ಕಟ್ಟಿಸಿ ಹಾಲನ್ನು ಮುದ್ರೆ ಹಾಕಿ ಇಟ್ಟಿದ್ದರು. ಸಂಜೆಗೆ ಫಲಿತಾಂಶ ಬಂತು. ಭಾವನ ರಕ್ತದಲ್ಲಿ ನರಕ್ಕೆ ಕಡಿವಾಣ ಹಾಕುವ ಆ ವಸ್ತು ಇರಬೇಕಾದದ್ದರ ಕಾಲು ಭಾಗವೂ ಉಳಿದಿರಲಿಲ್ಲ. ಅಕ್ಕನದು ಅರ್ಧ. ಇನ್ನೊಂದೆರಡು ವಾರ ಹೀಗೇ ನಡೆದಿದ್ದರೆ ಏನಾಗುತ್ತಿತ್ತೋ ಹೇಳಲಾಗದು ಎಂದರಂತೆ ಡಾಕ್ಟರು. ಮಗುವಿನ ಎದೆಬಡಿತ ಸದ್ಯಕ್ಕೆ ಸರಿಯಾಗಿದೆ, ಔಷಧಿ ಶುರುವಾಗಿದೆ.

ತನಿಖೆಯವನು ಇದನ್ನೆಲ್ಲ ಓದಿ ಹೇಳಿ, ಅವಳ ಮುಖದಲ್ಲಿ ಮೂಡಿದ ನೆಮ್ಮದಿಯನ್ನು ನೋಡಿ, ತನ್ನ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿಕೊಂಡ. ಅವನ ಪಾಲಿಗೆ ಎಲ್ಲವೂ ಹೊಂದಿಕೊಂಡಿತ್ತು. ಅನುಮತಿ ಪಡೆದ ಮದ್ದಿನಿಂದ ಯಾರಿಗೂ ಏನೂ ಆದ ದೂರಿಲ್ಲ. ಈ ಹೆಂಗಸು ಏನೋ ಬೆರೆಸಿದಳು, ಅದಾದ ಮೇಲೆ ಇಬ್ಬರ ರಕ್ತದಲ್ಲಿ ವಿಷ ಕಂಡಿತು. ಮಾದರಿ ಕೋಣೆಯಲ್ಲಿ ಒಂದು ಸೀಸೆ ಇಲ್ಲವೆಂಬುದನ್ನು ಯಾರೂ ಗಮನಿಸಿರಲಿಲ್ಲ. ಹಗುರದ್ದರ ಮಾದರಿಗಳನ್ನು ಯಾರು ತಾನೇ ಎಣಿಸುತ್ತಾರೆ?

ಅವಳ ಫೋನ್ ಮೇಜಿನ ಮೇಲೆ ನಡುಗಿತು. ಅಕ್ಕ. ತನಿಖೆಯವನು ಎತ್ತಲು ಬಿಟ್ಟ, ಆದರೆ ತನಗೂ ಕೇಳುವಂತೆ ಗುಂಡಿ ಒತ್ತಿದ.

ಆಸ್ಪತ್ರೆಯ ಓಣಿಯ ಸದ್ದು ಕೇಳುತ್ತಿತ್ತು, ಗಾಲಿಗಳು, ಯಾರದೋ ಕೆಮ್ಮು.

"ನನಗೆ ಮಕ್ಕಳಾಗಲ್ಲ ಅಂತ ಎಲ್ಲಾ ಅಂದಾಗ ನನ್ನ ಜೊತೆ ಅತ್ತಿದ್ದು ನೀನೊಬ್ಬಳೇ," ಎಂದಳು ಅಕ್ಕ. "ನನ್ನ ಮೇಲಿನ ಹೊಟ್ಟೆಕಿಚ್ಚು ಆಗಲೇ ಇತ್ತೋ, ನಾನು ಬಸುರಿಯಾದ ಮೇಲೆ ಬಂತೋ, ಅದೊಂದು ಹೇಳು ಸಾಕು."

ತಂಗಿ ಬಾಯಿ ತೆರೆದಳು. ತನಿಖೆಯವನ ಪೆನ್ನು ಕಾಗದದ ಮೇಲೆ ನಿಂತಿತ್ತು.

"ಹಾಲು ಕುಡೀಬೇಡ ಅಕ್ಕ," ಎಂದಳು ಅಷ್ಟೇ.

ಆ ಕಡೆ ಫೋನ್ ಸತ್ತಿತು. ತನಿಖೆಯವನು ಆ ಮಾತನ್ನು ಬರೆದುಕೊಂಡ, ಅಡಿಗೆರೆಯನ್ನೂ ಎಳೆದ. ಕಿಟಕಿಯಾಚೆ ಕಚೇರಿಯ ಅಂಗಳಕ್ಕೆ ಲಾರಿಯೊಂದು ತಿರುಗಿ ನಿಂತಿತು. ವಾಪಸು ತಂದ ಡ್ರಮ್ಮುಗಳನ್ನು ಇಳಿಸುತ್ತಿದ್ದರು. ಹೊಸ ಡ್ರಮ್ಮುಗಳನ್ನು ಆ ಬೀದಿಯ ಉಳಿದ ಕೊಟ್ಟಿಗೆಗಳಿಗೆ ಆಗಲೇ ಇಳಿಸಿ ಬಂದಿತ್ತು ಅದು. ನಾಳೆ ಬೆಳಗ್ಗೆ ಅಲ್ಲೆಲ್ಲ ಬೆನ್ನುಗಳಿಗೆ ಮದ್ದು ಬೀಳುತ್ತದೆ. ರಸ್ತೆಯಾಚೆಯ ಮನೆಗಳಿಂದ ಪಾತ್ರೆ ಹಿಡಿದವರು ಬಂದು ನಿಲ್ಲುತ್ತಾರೆ.

ತನಿಖೆಯವನು ಕೇಳಲೇಬೇಕಾದದ್ದನ್ನು ಕೇಳಿದ. ಅವಳು ಬೆರೆಸಿದ್ದು ಅದೊಂದೇ ಡ್ರಮ್ಮಿಗೆ ತಾನೆ? ಹಾಗಾದರೆ ಅವಳ ಅಕ್ಕನ ಮನೆಯೊಂದಕ್ಕೇ ಇದು ಮುಗಿಯಿತು, ಶಿಕ್ಷೆಯೂ ಅಷ್ಟಕ್ಕಷ್ಟೇ. ಹೌದು ಎಂದರೆ ಸಾಕು, ಸಹಿ ಹಾಕಿಸಿಕೊಂಡು ತಾನು ಮನೆಗೆ ಹೋಗುವೆ ಎನ್ನುವ ಹಾಗಿತ್ತು ಅವನ ದನಿ.

ಅವಳಿಗೆ ಲೆಕ್ಕ ಗೊತ್ತಿತ್ತು. ಪ್ರತಿ ಕೊಟ್ಟಿಗೆಯಲ್ಲೂ ರಕ್ತ ತೆಗೆದರೆ ಪ್ರತಿ ಕೊಟ್ಟಿಗೆಯಲ್ಲೂ ವಿಷ ಸಿಗುತ್ತದೆ. ಸಿಕ್ಕಿದ್ದೆಲ್ಲವೂ ಅವಳ ಹೆಸರಿಗೆ ಬೀಳುತ್ತದೆ. ಅಷ್ಟು ಜನ, ಅಷ್ಟು ಮಕ್ಕಳು, ಒಬ್ಬಳೇ ಹೆಂಗಸು.

"ನೆನಪಿಲ್ಲ," ಎಂದಳು.

"ಅಂದ್ರೆ?"

"ಬೇರೆ ಕಡೇನೂ ಹಾಕಿದ್ದೀನಿ. ಯಾವ ಯಾವ ಕೊಟ್ಟಿಗೆ ಅಂತ ನೆನಪಿಲ್ಲ. ಎಲ್ಲಾ ನೋಡಿ. ಎಲ್ಲರ ರಕ್ತಾನೂ ತೆಗೀರಿ."

ತನಿಖೆಯವನು ಬಾಗಿಲ ಹೊರಗೆ ಕಾವಲು ನಿಂತಿದ್ದ ಪೇದೆಯನ್ನು ಒಳಗೆ ಬಾ ಎಂದು ಕರೆದ, ಮತ್ತೆ ಅವಳೊಂದಿಗೆ ಒಬ್ಬನೇ ಕೂರಲಿಲ್ಲ.